ಓದುಗರ ಪ್ರಶ್ನೆ: ಅಲ್ಲಿ ಕರೆಂಟ್ ಎಲ್ಲಿಂದ ಬರುತ್ತೆ?

ಕಳೆದ ಸಂಚಿಕೆಯಲ್ಲಿ ಗ್ರಹಗಳನ್ನೆಲ್ಲ ದಾಟಿ ಹೋಗಿರುವ ನಾಸಾದ ಎರಡು ವಾಯೇಜರ್ ನೌಕೆಗಳ ಉಪಕರಣಗಳನ್ನು ಒಂದೊಂದಾಗಿ ಆಫ್ ಮಾಡುತ್ತಿರುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಈ ಅಂಕಣದಲ್ಲಿ ಬೇರೆ ಯಾವುದಕ್ಕೂ ಬಂದಿಲ್ಲ. ಕೆಲವರು ವಾಯೇಜರ್ ಬಗ್ಗೆಯೇ ಕೇಳಿದ್ದಾರೆ. ಇನ್ನು ಕೆಲವರು ಅಲ್ಲಿಂದ ಮಂಗಳಕ್ಕೆ ಹೋಗಿ, ಚಂದ್ರನನ್ನು ಸುತ್ತಿ, ಕೊನೆಗೆ ನಮ್ಮ ಭೂಮಿಯ ಕಲ್ಲಿದ್ದಲು, ಸೋಲಾರ್, ಅಣುವಿದ್ಯುತ್‌ಗೇ ಬಂದು ನಿಂತಿದ್ದಾರೆ. ಎಲ್ಲ ಪತ್ರ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಬಾಹ್ಯಾಕಾಶದ ಬಗ್ಗೆ ಏನೇ ಕೇಳಿ, ಸ್ವಲ್ಪ ಕೆದಕಿದರೆ ಅದು "ಅಲ್ಲಿ ಕರೆಂಟ್ ಎಲ್ಲಿಂದ ಬರುತ್ತೆ" ಅನ್ನುವ ಪ್ರಶ್ನೆಯೇ ಆಗಿರುತ್ತದೆ. ಹಾಗಾಗಿ ಈ ಸಲ ಇಡೀ ಅಂಕಣ ಇದಕ್ಕೇ.

ಪ್ರಶ್ನೆ: ವಾಯೇಜರ್ ಹೊರಟಿದ್ದು 1977ರಲ್ಲಿ. ಮೊಬೈಲ್ ಬ್ಯಾಟರಿ ಮೂರು ವರ್ಷಕ್ಕೇ ಕೈಕೊಡುತ್ತೆ, ಇದು ಹೇಗೆ ಇನ್ನೂ ನಡೀತಿದೆ? ಚೆನ್ನಾಗಿ ಕೆಲಸ ಮಾಡುತ್ತಿರುವ ಉಪಕರಣವನ್ನು ಯಾಕೆ ಆಫ್ ಮಾಡಬೇಕು? (ಒಂಬತ್ತನೇ ತರಗತಿ ವಿದ್ಯಾರ್ಥಿನಿ)

ವಾಯೇಜರ್‌ನಲ್ಲಿರುವುದು ನಾವು ಚಾರ್ಜ್‌ಗೆ ಹಾಕುವಂಥ ಬ್ಯಾಟರಿ ಅಲ್ಲ ಮಗು. ಅದರೊಳಗೆ ಪ್ಲುಟೋನಿಯಂ-238 ಇದೆ. ಅದರ ಅಣುಗಳು ತಮ್ಮಷ್ಟಕ್ಕೆ ತಾವೇ ಒಡೆಯುತ್ತಾ ಬಿಸಿ ಬಿಡುತ್ತಿರುತ್ತವೆ. ಒಂದು ಕಡೆ ಆ ಬಿಸಿ, ಇನ್ನೊಂದು ಕಡೆ ಬಾಹ್ಯಾಕಾಶದ ಕೊರೆಯುವ ಚಳಿ, ನಡುವೆ ಸಿಲಿಕಾನ್ ಮತ್ತು ಜರ್ಮೇನಿಯಂ ಬೆರೆಸಿ ಮಾಡಿದ ಸಣ್ಣ ತುಂಡುಗಳು. ಬಿಸಿ ಈ ತುಂಡುಗಳ ಮೂಲಕ ಹಾದು ಹೋಗುವಾಗ ಕರೆಂಟ್ ಹುಟ್ಟುತ್ತದೆ. ತಿರುಗುವ ಚಕ್ರ ಇಲ್ಲ, ಉಜ್ಜಿ ಸವೆಯುವ ಭಾಗ ಇಲ್ಲ. ಅದಕ್ಕೇ ಇಷ್ಟು ವರ್ಷ ಬಾಳಿಕೆ ಬಂದಿದೆ.

ಹೊರಟಾಗ ಪ್ರತಿ ನೌಕೆಗೂ ಸಿಗುತ್ತಿದ್ದದ್ದು ಸುಮಾರು 470 ವ್ಯಾಟ್. ಒಂದು ಮಿಕ್ಸಿ ಓಡಿಸುವಷ್ಟು, ಅಷ್ಟೇ. ಅಷ್ಟರಲ್ಲೇ ಕಂಪ್ಯೂಟರ್, ಕ್ಯಾಮೆರಾ, ಹೀಟರ್, ರೇಡಿಯೋ ಎಲ್ಲ ನಡೆಯಬೇಕು. ಪ್ಲುಟೋನಿಯಂ-238 ಅರ್ಧಕ್ಕೆ ಇಳಿಯಲು 87.7 ವರ್ಷ ಬೇಕು. ಆ ಸಿಲಿಕಾನ್ ತುಂಡುಗಳೂ ನಿಧಾನಕ್ಕೆ ಸೊರಗುತ್ತವೆ. ಎರಡೂ ಸೇರಿ ವರ್ಷಕ್ಕೆ ಸುಮಾರು 4 ವ್ಯಾಟ್ ಕಡಿಮೆ ಆಗುತ್ತಾ ಬಂದು, ಈಗ ಹೆಚ್ಚುಕಡಿಮೆ ಅರ್ಧ ಉಳಿದಿದೆ.

ಈಗ ನಿನ್ನ ಎರಡನೇ ಪ್ರಶ್ನೆ. ನಾವೇ ಆಫ್ ಮಾಡದೆ ಸುಮ್ನೆ ಬಿಟ್ಟರೆ ಏನಾಗುತ್ತದೆ? ಯಾವುದು ಮೊದಲು ನಿಲ್ಲಬೇಕು ಅನ್ನೋದು ನಮ್ಮ ಕೈಯಲ್ಲಿ ಇರುವುದಿಲ್ಲ. ದಿಕ್ಕು ತಿದ್ದುವ ಪುಟ್ಟ ಎಂಜಿನ್‌ಗಳ ಇಂಧನದ ಕೊಳವೆ ಹೆಪ್ಪುಗಟ್ಟಿದರೆ ಆಂಟೆನಾ ಭೂಮಿಯ ಕಡೆಯಿಂದ ಸರಿದು ಹೋಗುತ್ತದೆ. ಆಮೇಲೆ ಉಪಕರಣ ಎಷ್ಟೇ ಚೆನ್ನಾಗಿದ್ದರೂ ಅದರ ಮಾತು ನಮಗೆ ಕೇಳಿಸುವುದಿಲ್ಲ. ಅದಕ್ಕೇ ಎಂಜಿನಿಯರ್‌ಗಳು ಕೂತು ಪಟ್ಟಿ ಮಾಡುತ್ತಾರೆ, ಯಾವುದು ಬೇಕೇ ಬೇಕು, ಯಾವುದನ್ನು ಬಿಟ್ಟು ಬದುಕಬಹುದು ಅಂತ. 2019ರಲ್ಲಿ ವಾಯೇಜರ್-2ರ ಒಂದು ಉಪಕರಣದ ಹೀಟರನ್ನು ಆಫ್ ಮಾಡಿದರು. ಅದು ಕಾಸ್ಮಿಕ್ ಕಿರಣ ಅಳೆಯುವ ಉಪಕರಣ. ಅದನ್ನು ಪರೀಕ್ಷೆ ಮಾಡಿದ್ದು ಮೈನಸ್ 45 ಡಿಗ್ರಿ ತನಕ ಮಾತ್ರ. ಹೀಟರ್ ಆರಿದ ಮೇಲೆ ಮೈನಸ್ 59ಕ್ಕೆ ಇಳಿಯಿತು. ಆದರೂ ಅದು ಕೆಲಸ ನಿಲ್ಲಿಸಲಿಲ್ಲ, ಆ ಚಳಿಯಲ್ಲೇ ಲೆಕ್ಕ ಕಳಿಸುತ್ತಾ ಹೋಯಿತು. ಇದನ್ನು ಓದಿದ ದಿನ ನಾನು ತುಂಬಾ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ.

ವಾಯೇಜರ್ ನೌಕೆಯ ರೇಡಿಯೋ ಸಿಗ್ನಲ್‌ನ ಶಕ್ತಿ ಸುಮಾರು 23 ವ್ಯಾಟ್, ಫ್ರಿಜ್ ಒಳಗಿನ ಹಳೇ ಬಲ್ಬ್‌ನಷ್ಟು. ವಾಯೇಜರ್-1 ಇರುವುದು 2,500 ಕೋಟಿ ಕಿ.ಮೀ. ದೂರದಲ್ಲಿ. ಒಂದು ಮಾತು ಅಲ್ಲಿಗೆ ತಲುಪಲು ಹೆಚ್ಚುಕಡಿಮೆ ಒಂದು ದಿನ, ಉತ್ತರ ಬರಲು ಇನ್ನೊಂದು ದಿನ. ಕರೆಂಟ್ ಪೂರ್ತಿ ಮುಗಿದ ಮೇಲೂ ಅದು ನಿಲ್ಲುವುದಿಲ್ಲ, ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಹೋಗುತ್ತಲೇ ಇರುತ್ತದೆ. ನಮ್ಮ ಜೊತೆ ಮಾತಾಡುವುದಿಲ್ಲ, ಅಷ್ಟೇ.

ಪ್ರಶ್ನೆ: ಕೋಟಿಗಟ್ಟಲೆ ಜನರಿಗೆ ಊಟ ಇಲ್ಲ, ಕರೆಂಟ್ ಇಲ್ಲ. ಇಷ್ಟೆಲ್ಲ ದುಡ್ಡು ಮೇಲಕ್ಕೆ ಹಾರಿಸಿ ಏನು ಸಾಧಿಸಿದ ಹಾಗಾಯ್ತು? ನಿಮ್ಮ ಅಂಕಣ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ. (ಸರ್ಕಾರಿ ಆಸ್ಪತ್ರೆಯ ನರ್ಸ್)

ನಿಮ್ಮ ಸಿಟ್ಟು ನ್ಯಾಯವಾದದ್ದು. ಜಗತ್ತಿನಲ್ಲಿ ಇವತ್ತಿಗೂ 65 ಕೋಟಿಗೂ ಹೆಚ್ಚು ಜನರ ಮನೆಗೆ ಕರೆಂಟ್ ಬಂದಿಲ್ಲ. ಅದಕ್ಕಿಂತ ದೊಡ್ಡ ಕೆಲಸ ಯಾವುದೂ ಇಲ್ಲ ಅಂತ ನಾನೂ ನಂಬುತ್ತೇನೆ. ಆದರೆ ಆ ಜನರ ಪಾಲನ್ನು ಕಿತ್ತುಕೊಂಡಿರುವುದು ಬಾಹ್ಯಾಕಾಶ ಅನ್ನೋದು ಸರಿಯಲ್ಲ. ನಾಸಾದ ವರ್ಷದ ಬಜೆಟ್ ಸುಮಾರು 2,500 ಕೋಟಿ ಡಾಲರ್. ಅಮೆರಿಕ ಸರ್ಕಾರದ ಒಟ್ಟು ಖರ್ಚಿನಲ್ಲಿ ಅದು ಅರ್ಧ ಪರ್ಸೆಂಟೂ ಇಲ್ಲ. ಇನ್ನೊಂದು ಕಡೆ 2022ರಲ್ಲಿ ಪ್ರಪಂಚದ ಸರ್ಕಾರಗಳೆಲ್ಲ ಸೇರಿ ಪೆಟ್ರೋಲ್, ಡೀಸೆಲ್, ಗ್ಯಾಸ್, ಕಲ್ಲಿದ್ದಲಿಗೆ ಕೊಟ್ಟ ಸಬ್ಸಿಡಿ 1 ಲಕ್ಷ ಕೋಟಿ ಡಾಲರ್‌ಗೂ ಜಾಸ್ತಿ. ನಾಸಾದ ನಲವತ್ತು ವರ್ಷದ ಬಜೆಟ್ ಒಂದೇ ವರ್ಷದಲ್ಲಿ ಹೊಗೆಯಾಯಿತು ಅಂತ ಲೆಕ್ಕ.

ಮತ್ತೆ, ಆ ಕರೆಂಟ್ ಇಲ್ಲದ ಮನೆಗಳಿಗೆ ಇವತ್ತು ಬೆಳಕು ತಲುಪಿಸಲು ಎಲ್ಲಕ್ಕಿಂತ ಸುಲಭದ ದಾರಿ ಸೋಲಾರ್ ಪ್ಯಾನೆಲ್ ಅಲ್ವಾ? ಆ ಪ್ಯಾನೆಲ್‌ನ ಕಥೆ ಕೇಳಿ. ಸಿಲಿಕಾನ್ ಸೌರಕೋಶವನ್ನು ಬೆಲ್ ಲ್ಯಾಬ್ಸ್‌ನವರು ಜನರಿಗೆ ತೋರಿಸಿದ್ದು 1954ರಲ್ಲಿ. ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 6ರಷ್ಟನ್ನು ಮಾತ್ರ ಅದು ಕರೆಂಟ್ ಮಾಡುತ್ತಿತ್ತು. ಬೆಲೆ ಕೇಳಿದರೆ ಯಾರೂ ಹತ್ತಿರ ಬರುವ ಹಾಗಿರಲಿಲ್ಲ. ಅದನ್ನು ಬಳಸುವ ಧೈರ್ಯ ಮಾಡಿದ್ದು ಉಪಗ್ರಹ ಕಟ್ಟುವವರು. 1958ರ ಮಾರ್ಚ್ 17ರಂದು ವ್ಯಾನ್‌ಗಾರ್ಡ್-1 ಮೇಲೆ ಹೋಯಿತು. ಒಂದೂವರೆ ಕಿಲೋ ತೂಕ, ಒಂದು ಚಕ್ಕೋತ ಹಣ್ಣಿನ ಗಾತ್ರದ ಗುಂಡು. ಅದರಲ್ಲಿ ಎರಡು ಟ್ರಾನ್ಸ್‌ಮಿಟರ್ ಇದ್ದವು. ಬ್ಯಾಟರಿಯಿಂದ ನಡೆಯುತ್ತಿದ್ದದ್ದು ಅದೇ ಜೂನ್‌ನಲ್ಲಿ ಮೌನವಾಯಿತು. ಆರು ಸೌರಕೋಶಗಳಿಂದ ನಡೆಯುತ್ತಿದ್ದದ್ದು 1964ರ ತನಕ ಮಾತಾಡಿತು! ಅಲ್ಲಿಂದ ಮುಂದೆ ಉಪಗ್ರಹ ಅಂದರೆ ಸೋಲಾರ್ ಅಂತಲೇ ಆಯಿತು. ಮಾರುಕಟ್ಟೆಯೇ ಇಲ್ಲದ ಒಂದು ವಸ್ತು ಉಳಿದುಕೊಂಡು ಬೆಳೆಯಲು ಆ ಗಿರಾಕಿ ಸಾಕಾಯಿತು. 2010ರಿಂದ 2020ರ ನಡುವಿನ ಹತ್ತೇ ವರ್ಷದಲ್ಲಿ ಪ್ಯಾನೆಲ್ ಬೆಲೆ ಸುಮಾರು ಶೇ. 90ರಷ್ಟು ಇಳಿಯಿತು. ವ್ಯಾನ್‌ಗಾರ್ಡ್ ಇವತ್ತಿಗೂ ಮೇಲೆ ಸುತ್ತುತ್ತಲೇ ಇದೆ, ಮನುಷ್ಯ ಕಳಿಸಿ ಇನ್ನೂ ಕಕ್ಷೆಯಲ್ಲಿರುವ ವಸ್ತುಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು.

ಇನ್ನೊಂದು ಮಾತು. ಶುಕ್ರ ಗ್ರಹ ಸೂರ್ಯನಿಂದ ಬುಧಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದೂರ. ಆದರೂ ಬುಧಕ್ಕಿಂತ ಬಿಸಿ, 460 ಡಿಗ್ರಿಯ ಆಸುಪಾಸು. ಕಾರಣ ಅದರ ದಪ್ಪ ಗಾಳಿ, ಅದರಲ್ಲಿ ಶೇ. 96 ಇಂಗಾಲದ ಡೈಆಕ್ಸೈಡ್. ಜೇಮ್ಸ್ ಹ್ಯಾನ್ಸೆನ್ ಶುಕ್ರದ ಮೋಡಗಳನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ. ಆಮೇಲೆ ಭೂಮಿಯ ಗಾಳಿಯ ಕಡೆ ತಿರುಗಿದರು. 1988ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು, ಭೂಮಿ ಬಿಸಿಯಾಗುವುದು ಈಗಾಗಲೇ ಶುರುವಾಗಿದೆ ಅಂತ ಹೇಳಿದವರು ಅವರೇ. ಪಕ್ಕದ ಗ್ರಹವನ್ನು ನೋಡಿ ನಮ್ಮ ಮನೆಯ ಜ್ವರವನ್ನು ಗುರುತಿಸಿದ ಹಾಗೆ. ನೀವು ನರ್ಸ್, ಬೇಗ ಗುರುತಿಸುವುದರ ಬೆಲೆ ಏನು ಅಂತ ನನಗಿಂತ ಚೆನ್ನಾಗಿ ನಿಮಗೆ ಗೊತ್ತು.

ಹಾಗಂತ ಎಲ್ಲ ಖರ್ಚನ್ನೂ ನಾನು ಸಮರ್ಥಿಸುತ್ತಿಲ್ಲ. ಹಣವಂತರು ಹತ್ತು ನಿಮಿಷ ಮೇಲೆ ಹೋಗಿ ಬರುವ ಪ್ರವಾಸಕ್ಕೆ ನನ್ನ ಬೆಂಬಲ ಇಲ್ಲ. ಆ ವಿಷಯದಲ್ಲಿ ನಾನು ನಿಮ್ಮ ಕಡೆಯೇ.

ಪ್ರಶ್ನೆ: ಚಂದ್ರನಲ್ಲಿ ಹೀಲಿಯಂ-3 ರಾಶಿ ರಾಶಿ ಇದೆಯಂತೆ. ಅದನ್ನು ತಂದರೆ ಭೂಮಿಗೆ ಸಾವಿರ ವರ್ಷ ಕರೆಂಟ್ ಸಿಗುತ್ತಂತೆ. ನಿಜವಾ?

ಹೀಲಿಯಂ-3 ಅಂದರೆ ಹೀಲಿಯಂ ಅನಿಲದ ಒಂದು ಹಗುರ ರೂಪ, ಅದರ ಅಣುಗಳನ್ನು ಬೆಸೆದು ಶಕ್ತಿ ಪಡೆಯಬಹುದು ಅನ್ನೋದು ಆಸೆ. ಅದು ಚಂದ್ರನಲ್ಲಿ ಇದೆ ಅನ್ನೋದು ನಿಜ, ರಾಶಿ ಅನ್ನೋದು ಅಲ್ಲ. ಅಪೊಲೊ ಯಾತ್ರಿಗಳು ತಂದ ಮಣ್ಣನ್ನು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗ. ನೂರು ಕೋಟಿಗೆ ಹತ್ತು ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಬೇಕಾದರೆ ಒಂದು ಲಕ್ಷ ಟನ್ ಮಣ್ಣು ಅಗೆದು, ನೂರಾರು ಡಿಗ್ರಿಗೆ ಕಾಯಿಸಬೇಕು. ಆ ಕಾಯಿಸುವುದಕ್ಕೆ ಕರೆಂಟ್ ಎಲ್ಲಿಂದ? ಮತ್ತೆ, ಅದನ್ನು ಉರಿಸುವ ಒಲೆಯೇ ನಮ್ಮ ಹತ್ತಿರ ಇನ್ನೂ ಇಲ್ಲ. ಅಣುಗಳನ್ನು ಬೆಸೆಯುವ ಕೆಲಸದಲ್ಲಿ ಸುಲಭದ ದಾರಿ ಅಂದರೆ ಹೈಡ್ರೋಜನ್‌ನ ಎರಡು ಭಾರದ ರೂಪಗಳನ್ನು ಬೆಸೆಯುವುದು. ಹೀಲಿಯಂ-3ಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಬೇಕು. ಆ ಸುಲಭದ ದಾರಿಯಲ್ಲೇ ನಾವಿನ್ನೂ ಅಂಬೆಗಾಲಿಡುತ್ತಿದ್ದೇವೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಲೇಸರ್ ಪ್ರಯೋಗವೊಂದರಲ್ಲಿ 2.05 ಮೆಗಾಜೂಲ್ ಶಕ್ತಿ ಹಾಕಿ 3.15 ಮೆಗಾಜೂಲ್ ಪಡೆದರು. ದೊಡ್ಡ ಸಾಧನೆ, ಒಪ್ಪುತ್ತೇನೆ. ಆದರೆ ಆ ಲೇಸರ್ ಉರಿಸಲು ತಂತಿಯಿಂದ ಎಳೆದುಕೊಂಡದ್ದು ಸುಮಾರು 300 ಮೆಗಾಜೂಲ್. ಚಂದ್ರನ ಗಣಿಯನ್ನು ನಂಬಿಕೊಂಡು ಇಲ್ಲಿನ ಕೆಲಸ ಮುಂದೂಡುವುದು ಬೇಡ.

ಪ್ರಶ್ನೆ: ಚಂದ್ರಯಾನ-3ರ ವಿಕ್ರಮ್ ಮತ್ತು ಪ್ರಜ್ಞಾನ್ ಮಲಗಿದ ಮೇಲೆ ಮತ್ತೆ ಏಳಲೇ ಇಲ್ಲ. ಅದು ಸೋಲಲ್ವಾ?

ಅಲ್ಲ. ಇಳಿದದ್ದು 2023ರ ಆಗಸ್ಟ್ 23ಕ್ಕೆ, ಅಲ್ಲಿ ಬೆಳಗಾದ ಹೊತ್ತಿನಲ್ಲಿ. ಚಂದ್ರನ ಒಂದು ಹಗಲು ನಮ್ಮ 14 ದಿನ. ಎರಡನ್ನೂ ಕಟ್ಟಿದ್ದೇ ಆ ಒಂದು ಹಗಲಿಗೆ, ಹೆಚ್ಚುಕಡಿಮೆ ಆ ಹಗಲು ಪೂರ್ತಿ ಅವು ದುಡಿದವು. ಆಮೇಲೆ 14 ದಿನದ ರಾತ್ರಿ. ಸೋಲಾರ್ ಪ್ಯಾನೆಲ್‌ಗೆ ಬೆಳಕಿಲ್ಲ, ಚಳಿ ಮೈನಸ್ 150 ಡಿಗ್ರಿಗಿಂತ ಕೆಳಗೆ. ಬ್ಯಾಟರಿ, ಬೆಸುಗೆ, ತಂತಿ ಯಾವುದೂ ಅಷ್ಟು ಚಳಿಗೆ ಮಾಡಿದ್ದಲ್ಲ. ಎದ್ದರೆ ಏಳಲಿ ಅಂತ ಕಾದರು, ಏಳಲಿಲ್ಲ. 2019ರಲ್ಲಿ ಇಳಿದ ಚೀನಾದ ಚಾಂಗ್'ಎ-4 ರಾತ್ರಿ ಕಳೆದು ಮತ್ತೆ ಮತ್ತೆ ಎದ್ದಿತು, ಯಾಕೆಂದರೆ ಅದರೊಳಗೆ ಪ್ಲುಟೋನಿಯಂನ ಪುಟ್ಟ ಅಗ್ಗಿಷ್ಟಿಕೆ ಇದೆ. ನಮ್ಮವರೂ ಚಂದ್ರಯಾನ-3ರಲ್ಲಿ ವಿಕ್ರಮ್ ಅನ್ನು ಚಂದ್ರನ ಹತ್ತಿರಕ್ಕೆ ಹೊತ್ತೊಯ್ದ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿ ಅಂಥ ಎರಡು ಸಣ್ಣ ಹೀಟರ್ ಇಟ್ಟು ನೋಡಿದ್ದಾರೆ. ಮುಂದಿನ ನೌಕೆಗಳಿಗೆ ಆ ಅನುಭವ ಬೇಕಾಗುತ್ತದೆ.

ಪ್ರಶ್ನೆ: ಭೂಮಿ ಹಾಳಾದರೆ ಮಂಗಳಕ್ಕೆ ಹೋದರಾಯ್ತು ಅಂತ ನನ್ನ ಮಗ ವಾದ ಮಾಡುತ್ತಾನೆ. ಅವನಿಗೆ ಏನು ಹೇಳಲಿ?

ಅವನ ಆಸೆ ಮುರಿಯಬೇಡಿ. ಆದರೆ ಅವನ ಮುಂದೆ ಒಂದು ಲೆಕ್ಕ ಇಡಿ, ಉಸಿರಾಟದ ಲೆಕ್ಕ.

ಪರ್ಸಿವಿಯರೆನ್ಸ್ ರೋವರ್ 2021ರಲ್ಲಿ ಮಂಗಳಕ್ಕೆ ಇಳಿಯುವಾಗ ಹೊಟ್ಟೆಯಲ್ಲಿ ಮಾಕ್ಸಿ ಅನ್ನೋ ಒಂದು ಪೆಟ್ಟಿಗೆ ಇತ್ತು. ಮಂಗಳದ ಗಾಳಿಯಲ್ಲಿ ಶೇ. 95 ಇಂಗಾಲದ ಡೈಆಕ್ಸೈಡ್. ಅದನ್ನು ಎಳೆದುಕೊಂಡು, ಸುಮಾರು 800 ಡಿಗ್ರಿಗೆ ಕಾಯಿಸಿ, ಆಮ್ಲಜನಕ ಬೇರೆ ಮಾಡುವುದು ಅದರ ಕೆಲಸ. ಬೇರೆ ಗ್ರಹದ ಗಾಳಿಯಿಂದ ಮನುಷ್ಯ ಮೊದಲ ಸಲ ಆಮ್ಲಜನಕ ತಯಾರಿಸಿದ್ದು ಅದರಲ್ಲೇ. ನನಗಂತೂ ಅದು ಚಂದ್ರನ ಮೇಲೆ ಕಾಲಿಟ್ಟಷ್ಟೇ ದೊಡ್ಡ ವಿಷಯ. ಎರಡು ವರ್ಷದಲ್ಲಿ 16 ಸಲ ಓಡಿಸಿದರು. ಒಟ್ಟು ಸಿಕ್ಕಿದ್ದು 122 ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾಗುವುದು ಸುಮಾರು 840 ಗ್ರಾಂ. ಅಂದರೆ ಎರಡು ವರ್ಷದ ಪ್ರಯೋಗದಿಂದ ಬಂದದ್ದು ಒಬ್ಬರ ಮೂರೂವರೆ ಗಂಟೆಯ ಉಸಿರು. ಆ ಪೆಟ್ಟಿಗೆ ಓಡಲು ಸುಮಾರು 300 ವ್ಯಾಟ್ ಬೇಕಿತ್ತು, ರೋವರ್‌ನ ಅಣುಶಕ್ತಿ ಮೂಲ ಕೊಡುವುದು ಸುಮಾರು 110 ವ್ಯಾಟ್. ಹಾಗಾಗಿ ಬೇರೆ ಕೆಲಸಗಳನ್ನು ನಿಲ್ಲಿಸಿ, ಬ್ಯಾಟರಿಯಲ್ಲಿ ಕೂಡಿಟ್ಟು, ಆಮೇಲೆ ಓಡಿಸುತ್ತಿದ್ದರು.

ಇನ್ನು ಸೋಲಾರ್. ನನ್ನ ಮೇಜಿನ ಮೇಲೆ ಬ್ಯಾಟರಿ ಇಲ್ಲದ ಹಳೇ ಸೋಲಾರ್ ಕ್ಯಾಲ್ಕುಲೇಟರ್ ಒಂದಿದೆ. ಮೇಲಿನ ಕಪ್ಪು ಪಟ್ಟಿಯ ಮೇಲೆ ಹೆಬ್ಬೆರಳು ಇಟ್ಟರೆ ಅಂಕಿಗಳು ಮಾಸುತ್ತಾ ಮಾಸುತ್ತಾ ಹೋಗಿಬಿಡುತ್ತವೆ. ನಿಮ್ಮ ಮಗನಿಗೆ ಅಂಥದ್ದೊಂದು ಕೊಟ್ಟು ಮಾಡಿ ನೋಡಲು ಹೇಳಿ. ಮಂಗಳದ ಮೇಲೆ ಆ ಹೆಬ್ಬೆರಳಿನ ಕೆಲಸ ಮಾಡುವುದು ಧೂಳು. ಆಪರ್ಚುನಿಟಿ ರೋವರ್ 90 ದಿನಕ್ಕೆ ಅಂತ ಹೋಗಿ 14 ವರ್ಷಕ್ಕೂ ಜಾಸ್ತಿ ನಡೆಯಿತು. 2018ರ ಜೂನ್‌ನಲ್ಲಿ ಇಡೀ ಗ್ರಹವನ್ನೇ ಮುಚ್ಚುವ ಧೂಳಿನ ಬಿರುಗಾಳಿ ಎದ್ದಿತು. ಹಗಲೇ ಕತ್ತಲಾಯಿತು, ಪ್ಯಾನೆಲ್‌ಗೆ ಬೆಳಕಿಲ್ಲ. ಅದು ಮತ್ತೆ ಮಾತಾಡಲೇ ಇಲ್ಲ. ಎಂಟು ತಿಂಗಳು ಕರೆದು ಕರೆದು 2019ರ ಫೆಬ್ರವರಿಯಲ್ಲಿ ಕೈಬಿಟ್ಟರು. ಅದೇ ಬಿರುಗಾಳಿಯಲ್ಲಿ ಅಣುಶಕ್ತಿಯ ಕ್ಯೂರಿಯಾಸಿಟಿ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಇನ್‌ಸೈಟ್ ಅನ್ನೋ ಇನ್ನೊಂದು ನೌಕೆಯ ಎಂಜಿನಿಯರ್‌ಗಳು ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಪ್ಯಾನೆಲ್ ಮೇಲೆ ಕೂತ ಧೂಳು ತೆಗೆಯಲು ಅದರ ಪಕ್ಕದಲ್ಲಿ ಇನ್ನಷ್ಟು ಮರಳು ಸುರಿದರು! ಗಾಳಿಗೆ ದಪ್ಪ ಮರಳಿನ ಕಾಳುಗಳು ಪ್ಯಾನೆಲ್ ಮೇಲೆ ಪುಟಿದು ಹೋಗುವಾಗ ಸಣ್ಣ ಧೂಳನ್ನೂ ಎಬ್ಬಿಸಿಕೊಂಡು ಹೋದವು. ಸ್ವಲ್ಪ ಕರೆಂಟ್ ಹೆಚ್ಚಾಯಿತು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಅದನ್ನೂ ಧೂಳೇ ಮುಗಿಸಿತು.

ಮಂಗಳಕ್ಕೆ ಮನುಷ್ಯ ಹೋಗಲಿ, ಹೋಗಬೇಕು ಅನ್ನುವವನು ನಾನು. ಮೊದಲು ಹತ್ತು ಜನ, ಆಮೇಲೆ ನೂರು ಜನ. ಆದರೆ 800 ಕೋಟಿ ಜನ ಅಲ್ಲ. ಇಲ್ಲಿ ನಾವು ಎಷ್ಟೇ ಹಾಳು ಮಾಡಿದರೂ ಉಸಿರಾಡುವ ಗಾಳಿ ಪುಕ್ಕಟೆ ಸಿಗುತ್ತದೆ, ಅಲ್ಲಿ ಒಂದೊಂದು ಉಸಿರಿಗೂ ಕರೆಂಟ್ ಬೇಕು. ನಿಮ್ಮ ಮಗ ಎಂಜಿನಿಯರ್ ಆಗಿ ಆ ಪೆಟ್ಟಿಗೆಯನ್ನು ದೊಡ್ಡದು ಮಾಡಲಿ ಅಂತ ಹಾರೈಸುತ್ತೇನೆ.

ಪ್ರಶ್ನೆ: ನೀವು ಅಣು ಅಂದರೆ ಏನೂ ಅಪಾಯವೇ ಇಲ್ಲ ಅನ್ನೋ ಹಾಗೆ ಬರೆಯುತ್ತೀರಿ. ಪ್ಲುಟೋನಿಯಂ ಹೊತ್ತ ರಾಕೆಟ್ ಸಿಡಿದರೆ? ಭೂಮಿಯ ಮೇಲಿನ ಅಣುಸ್ಥಾವರಗಳ ಬಗ್ಗೆ ನಿಮ್ಮ ನಿಲುವೇನು?

ಅಪಾಯ ಇಲ್ಲ ಅಂತ ನಾನು ಬರೆಯಬಾರದು, ಬರೆದಂತೆ ಕಂಡಿದ್ದರೆ ಅದು ತಪ್ಪು. ಆಗಿರುವುದನ್ನು ಹೇಳಿಬಿಡುತ್ತೇನೆ. 1964ರಲ್ಲಿ ಅಮೆರಿಕದ ಒಂದು ಉಪಗ್ರಹ ಕಕ್ಷೆ ಸೇರದೆ ಬಿತ್ತು. ಅದರಲ್ಲಿದ್ದ ಸುಮಾರು ಒಂದು ಕಿಲೋ ಪ್ಲುಟೋನಿಯಂ ವಾತಾವರಣದಲ್ಲಿ ಉರಿದು ಚೆದುರಿಹೋಯಿತು. 1978ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೋಸ್-954 ಉಪಗ್ರಹ ತನ್ನ ಯುರೇನಿಯಂ ರಿಯಾಕ್ಟರ್ ಸಮೇತ ಕೆನಡಾದ ಉತ್ತರ ಭಾಗದಲ್ಲಿ ಬಿದ್ದು ನೂರಾರು ಕಿ.ಮೀ. ಉದ್ದಕ್ಕೂ ವಿಕಿರಣದ ಚೂರು ಹರಡಿತು. ಹಿಮದಲ್ಲಿ ತಿಂಗಳುಗಟ್ಟಲೆ ಹುಡುಕಿದರೂ ಸಿಕ್ಕಿದ್ದು ಸ್ವಲ್ಪವೇ.

1964ರ ಪಾಠದಿಂದ ವಿನ್ಯಾಸ ಬದಲಾಯಿತು. ಉರಿದು ಚೆದುರುವ ಬದಲು, ಬಿದ್ದರೂ ಒಡೆಯದ ಹಾಗೆ ಕಟ್ಟಲು ಶುರು ಮಾಡಿದರು. 1968ರಲ್ಲಿ ನಿಂಬಸ್ ಉಪಗ್ರಹದ ಉಡಾವಣೆ ವಿಫಲವಾದಾಗ ಪ್ಲುಟೋನಿಯಂ ಪೆಟ್ಟಿಗೆ ಸಮುದ್ರದ ತಳದಲ್ಲಿ ಇಡಿಯಾಗಿ ಸಿಕ್ಕಿತು. ಅದರ ಇಂಧನವನ್ನು ಮತ್ತೆ ಬಳಸಿದರು. ಚಂದ್ರನ ಕಡೆ ಹೊರಟಿದ್ದ ಅಪೊಲೊ 13 ನೌಕೆಯ ಜೊತೆ ಹೋಗಿದ್ದ ಪೆಟ್ಟಿಗೆ ಪೆಸಿಫಿಕ್ ಸಮುದ್ರದ ಆಳದಲ್ಲಿದೆ, ಸೋರಿದ ಸುಳಿವು ಸಿಕ್ಕಿಲ್ಲ. ಹಾಗಾಗಿ ಸೂರ್ಯನ ಬೆಳಕು ಸಾಲದ ಕಡೆಗೆ ಹೋಗುವ ನೌಕೆಗೆ ಇದು ಇರಲಿ ಅನ್ನುತ್ತೇನೆ. ಎಲ್ಲೆಲ್ಲಿ ಸೋಲಾರ್‌ನಿಂದ ಆಗುತ್ತದೋ ಅಲ್ಲಿ ಸೋಲಾರ್. ಜೂನೋ ನೌಕೆ ಗುರುಗ್ರಹದ ಹತ್ತಿರ, ಇಲ್ಲಿನ 25ನೇ ಒಂದು ಭಾಗ ಬಿಸಿಲಿನಲ್ಲಿ, ಸೋಲಾರ್‌ನಿಂದಲೇ ಕೆಲಸ ಮಾಡಿ ತೋರಿಸಿದೆ.

ಭೂಮಿಯ ಮೇಲಿನ ಸ್ಥಾವರಗಳ ವಿಷಯ. 1986ರ ಚೆರ್ನೋಬಿಲ್, 2011ರ ಫುಕುಶಿಮಾ ಎರಡನ್ನೂ ಮರೆಯುವ ಹಾಗಿಲ್ಲ, ಊರಿಗೆ ಊರೇ ಖಾಲಿಯಾಗಿದೆ. ಆದರೆ ಕಲ್ಲಿದ್ದಲು ಪ್ರತಿದಿನ ಸದ್ದಿಲ್ಲದೆ ಕೊಲ್ಲುತ್ತದೆ. ಅಷ್ಟೇ ಕರೆಂಟ್‌ಗೆ ಹೋಲಿಸಿ ನೋಡಿದರೆ ಕಲ್ಲಿದ್ದಲಿನ ಹೊಗೆಯಿಂದ ಸಾಯುವವರು ಅಣುವಿದ್ಯುತ್‌ನಿಂದ ಸಾಯುವವರಿಗಿಂತ ನೂರಾರು ಪಟ್ಟು ಜಾಸ್ತಿ. ಅದಕ್ಕೇ, ಸುರಕ್ಷಿತವಾಗಿ ನಡೆಯುತ್ತಿರುವ ಅಣುಸ್ಥಾವರವನ್ನು ಕಲ್ಲಿದ್ದಲಿಗಿಂತ ಮೊದಲು ಮುಚ್ಚುವುದು ತಪ್ಪು ಅಂತ ನನ್ನ ಅಭಿಪ್ರಾಯ. ಹೊಸದನ್ನು ಕಟ್ಟಲು ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ, ದುಡ್ಡೂ ತುಂಬಾ. ಅಷ್ಟು ಸಮಯ ನಮ್ಮ ಹತ್ತಿರ ಇಲ್ಲ. ಬೇಗ ಆಗುವುದು ಸೋಲಾರ್, ಗಾಳಿ, ಜೊತೆಗೆ ಬ್ಯಾಟರಿ.

ಪ್ರಶ್ನೆ: ರಾಕೆಟ್‌ನ ಹೊಗೆಯಿಂದಲೇ ಭೂಮಿ ಬಿಸಿಯಾಗುತ್ತಿದೆಯಂತಲ್ಲ?

ಇಂಗಾಲದ ಲೆಕ್ಕದಲ್ಲಿ ಹೇಳುವುದಾದರೆ ಇಲ್ಲ. 2024ರಲ್ಲಿ ಇಡೀ ಪ್ರಪಂಚದಲ್ಲಿ ಆದ ಉಡಾವಣೆ 250ಕ್ಕೂ ಸ್ವಲ್ಪ ಜಾಸ್ತಿ. ವಿಮಾನಗಳಾದರೆ ಒಂದೇ ದಿನದಲ್ಲಿ ಸುಮಾರು ಒಂದು ಲಕ್ಷ ಸಲ ಹಾರುತ್ತವೆ. ಚಿಂತೆ ಇರುವುದು ಮಸಿಯದ್ದು. ಸೀಮೆಎಣ್ಣೆಯಂಥ ಇಂಧನದ ರಾಕೆಟ್‌ಗಳು ಮಳೆ ಮೋಡಗಳಿಗಿಂತ ಎಷ್ಟೋ ಮೇಲೆ ಮಸಿ ಬಿಡುತ್ತವೆ. ಅಲ್ಲಿ ಅದನ್ನು ತೊಳೆಯಲು ಮಳೆ ಇಲ್ಲ, ವರ್ಷಗಟ್ಟಲೆ ಉಳಿಯುತ್ತದೆ. ಉಡಾವಣೆ ಸಾವಿರಗಟ್ಟಲೆ ಆಗುವ ಮೊದಲೇ ಇದಕ್ಕೆ ನಿಯಮ ಬರಬೇಕು.

ಪ್ರಶ್ನೆ: ಬಾಹ್ಯಾಕಾಶದಲ್ಲೇ ದೊಡ್ಡ ಸೋಲಾರ್ ಪ್ಯಾನೆಲ್ ಇಟ್ಟು ಕರೆಂಟನ್ನು ಕೆಳಗೆ ಕಳಿಸಿದರೆ? ಅಲ್ಲಿ ರಾತ್ರಿಯೇ ಇಲ್ಲ ಅಲ್ವಾ. (ಎಂಜಿನಿಯರಿಂಗ್ ವಿದ್ಯಾರ್ಥಿ)

ಇದನ್ನು 1968ರಲ್ಲೇ ಪೀಟರ್ ಗ್ಲೇಸರ್ ಎಂಬ ಎಂಜಿನಿಯರ್ ವಿವರವಾಗಿ ಹೇಳಿದ್ದರು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಪ್ಯಾನೆಲ್ ಇಟ್ಟರೆ ವರ್ಷದ ಬಹುಪಾಲು ಹೊತ್ತು ಬಿಸಿಲು, ಚದರ ಮೀಟರ್‌ಗೆ ಸುಮಾರು 1,361 ವ್ಯಾಟ್. ಅದನ್ನು ಮೈಕ್ರೋವೇವ್, ಅಂದರೆ ಒಂದು ಬಗೆಯ ರೇಡಿಯೋ ಅಲೆ, ಮಾಡಿ ಕಳಿಸಿದರೆ ಮೋಡದ ಅಡ್ಡಿಯೂ ಇಲ್ಲ. 2023ರಲ್ಲಿ ಕ್ಯಾಲ್ಟೆಕ್‌ನವರ ಪುಟ್ಟ ಉಪಗ್ರಹ ಪ್ರಯೋಗವೊಂದು ತಮ್ಮದೇ ಕಟ್ಟಡದ ಮೇಲಿನ ಆಂಟೆನಾಗೆ ಅಳೆಯಬಹುದಾದಷ್ಟು ಶಕ್ತಿ ತಲುಪಿಸಿ ತೋರಿಸಿತು. ಅಂದರೆ ತತ್ವ ಸರಿ ಇದೆ. ಕಷ್ಟ ಇರುವುದು ಗಾತ್ರದಲ್ಲಿ: ಮೇಲೆ ಕಿಲೋಮೀಟರ್‌ಗಟ್ಟಲೆ ಪ್ಯಾನೆಲ್, ಕೆಳಗೆ ಕಿಲೋಮೀಟರ್‌ಗಟ್ಟಲೆ ಆಂಟೆನಾ. ಬೆಳಕಿನಿಂದ ಕರೆಂಟ್, ಕರೆಂಟ್‌ನಿಂದ ಮೈಕ್ರೋವೇವ್, ಮತ್ತೆ ಕರೆಂಟ್, ಹೀಗೆ ಪ್ರತಿ ಹೆಜ್ಜೆಯಲ್ಲೂ ಸೋರಿಕೆ. ರಿಪೇರಿಗೆ ಯಾರು ಹೋಗುತ್ತಾರೆ?

ನನ್ನ ಅನಿಸಿಕೆ, ಸಂಶೋಧನೆ ನಡೆಯಲಿ, ಆದರೆ ನಮಗೆ ಬಿಸಿಲಿನ ಬರ ಇಲ್ಲ. ಭೂಮಿಗೆ ಒಂದು ಗಂಟೆಯಲ್ಲಿ ಬೀಳುವ ಸೂರ್ಯಶಕ್ತಿ ಇಡೀ ಮನುಷ್ಯಕುಲ ಒಂದು ವರ್ಷ ಬಳಸುವಷ್ಟಿದೆ. ನಮಗೆ ಬರ ಇರುವುದು ಕೂಡಿಟ್ಟುಕೊಳ್ಳುವುದರಲ್ಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಇದೇ ಕಥೆ. ಅದು ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ, ಪ್ರತಿ ಸುತ್ತಿನಲ್ಲೂ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕತ್ತಲು. ದಿನಕ್ಕೆ 16 ರಾತ್ರಿ! 2017ರಿಂದ 2021ರ ನಡುವೆ ಅಲ್ಲಿನ 48 ಹಳೇ ಬ್ಯಾಟರಿಗಳ ಜಾಗಕ್ಕೆ 24 ಲಿಥಿಯಂ ಬ್ಯಾಟರಿ ಹಾಕಿದರು. ಅರ್ಧ ಸಂಖ್ಯೆಯಲ್ಲೇ ಕೆಲಸ ಆಯಿತು. ನೀವು ಯಾವ ವಿಷಯ ಆರಿಸಿಕೊಳ್ಳಲಿ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಲ್ಲ, ಬ್ಯಾಟರಿ ಕಲಿಯಿರಿ. ಮೇಲಕ್ಕೂ ಬೇಕು, ಕೆಳಕ್ಕೂ ಬೇಕು.

ಪ್ರಶ್ನೆ: ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಮಿತವಾಗಿ ಬಳಸಿ, ಹೊಗೆ ಕಡಿಮೆ ಮಾಡಿ ಅಂತ ಹೇಳಿ ಹೇಳಿ ಸಾಕಾಗಿದೆ. ಜನ ಬದಲಾಗುವುದಿಲ್ಲ. ಮನುಷ್ಯನಿಗೆ ಭವಿಷ್ಯ ಇದೆ ಅಂತ ನಿಮಗೆ ನಿಜವಾಗಿ ಅನ್ನಿಸುತ್ತದಾ? (ನಿವೃತ್ತ ಶಿಕ್ಷಕರು)

ಅನ್ನಿಸುತ್ತದೆ ಮೇಷ್ಟ್ರೇ. ಸೂರ್ಯನ ಕಡೆಯಿಂದ ಅವಸರ ಇಲ್ಲ, ಇನ್ನು ನೂರು ಕೋಟಿ ವರ್ಷದ ಹತ್ತಿರ ಭೂಮಿಯಲ್ಲಿ ನೀರು ಉಳಿದಿರಬಹುದು. ಆಕಾಶದಿಂದ ಬೀಳುವ ಕಲ್ಲಿಗೂ ಉಪಾಯ ಶುರುವಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕಂತಲೇ ಗುದ್ದಿ, ಅದು ತನ್ನ ಜೊತೆಯ ದೊಡ್ಡ ಕ್ಷುದ್ರಗ್ರಹವನ್ನು ಸುತ್ತುವ ಸಮಯವನ್ನು ಅರ್ಧ ಗಂಟೆಗಿಂತ ಜಾಸ್ತಿ ಇಳಿಸಿತು. ಉಳಿದದ್ದು ನಮ್ಮ ಕೈಯಲ್ಲೇ ಇರುವ ಅಪಾಯ. 1958ರಲ್ಲಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 315 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ನಿಮ್ಮ ಬೇಸರ ಇದರ ಬಗ್ಗೆಯೇ ಅಂತ ಗೊತ್ತು.

ಜನ ಬದಲಾಗುವುದಿಲ್ಲ ಅಂದಿರಿ. ಬರೀ ಮಾತಿಗೆ ಬದಲಾಗುವುದು ಕಷ್ಟ, ನಿಜ. ಲೆಕ್ಕ ಕಣ್ಣಿಗೆ ಕಂಡಾಗ ಬದಲಾಗುತ್ತಾರೆ. ನನಗೆ ಧೈರ್ಯ ಕೊಡುವುದು ಅಪೊಲೊ 13.

1970ರ ಏಪ್ರಿಲ್ 13. ಭೂಮಿಯಿಂದ ಮೂರು ಲಕ್ಷ ಕಿ.ಮೀ.ಗೂ ಆಚೆ ನೌಕೆಯ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ಅದೇ ಆಮ್ಲಜನಕದಿಂದ ಕರೆಂಟ್ ಬರುತ್ತಿತ್ತು, ಹಾಗಾಗಿ ಕರೆಂಟೂ ಹೋಯಿತು. ಮುಖ್ಯ ನೌಕೆಯಲ್ಲಿ ಉಳಿದದ್ದು ಕೊನೆಗೆ ಭೂಮಿಗೆ ಇಳಿಯುವಾಗ ಬೇಕಾಗುವ ಸಣ್ಣ ಬ್ಯಾಟರಿಗಳು ಮಾತ್ರ. ಅದನ್ನು ಪೂರ್ತಿ ಆಫ್ ಮಾಡಿ ಒಳಗಿದ್ದ ಮೂವರು ಯಾತ್ರಿಗಳೂ, ಚಂದ್ರನ ಮೇಲೆ ಇಳಿಯಲೆಂದು ಮಾಡಿದ್ದ ಅಕ್ವೇರಿಯಸ್ ಎಂಬ ಪುಟ್ಟ ನೌಕೆಗೆ ಹೋದರು. ಅದು ಇಬ್ಬರಿಗೆ, ಎರಡು ದಿನಕ್ಕೆ ಕಟ್ಟಿದ್ದು. ಈಗ ಮೂವರು, ನಾಲ್ಕು ದಿನ. ಕೆಳಗಿದ್ದ ಎಂಜಿನಿಯರ್‌ಗಳು ಒಂದೊಂದು ಸ್ವಿಚ್‌ನ ಲೆಕ್ಕ ಹಾಕಿದರು. ಹೀಟರ್ ಬೇಡ, ಕಂಪ್ಯೂಟರ್ ಬೇಡ, ದೀಪ ಬೇಡ. ಬಳಕೆ ಐದನೇ ಒಂದು ಭಾಗಕ್ಕೆ ಇಳಿಯಿತು. ಒಳಗೆ ಚಳಿ ಮೂರ್ನಾಲ್ಕು ಡಿಗ್ರಿಗೆ ಬಂತು, ಗೋಡೆಯ ಮೇಲೆಲ್ಲ ನೀರು ಹನಿಗಟ್ಟಿತು. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ಒಂದು ಲೋಟಕ್ಕಿಂತ ಕಡಿಮೆ. ಲವೆಲ್, ಸ್ವೈಗರ್ಟ್, ಹೇಸ್ ಮೂವರೂ ಆ ಲೆಕ್ಕವನ್ನು ಒಂದು ದಿನವೂ ಮೀರಲಿಲ್ಲ. ಕೊನೆಗೆ ಅಕ್ವೇರಿಯಸ್‌ನಿಂದಲೇ ಸ್ವಲ್ಪ ಕರೆಂಟ್ ತೆಗೆದು ಮುಖ್ಯ ನೌಕೆಯ ಬ್ಯಾಟರಿಯನ್ನೂ ಚಾರ್ಜ್ ಮಾಡಿಕೊಂಡರು. ಏಪ್ರಿಲ್ 17ರಂದು, ಭೂಮಿಗೆ ಇಳಿಯುವ ಮುಂಚೆ, ಅಕ್ವೇರಿಯಸ್ ಅನ್ನು ಕಳಚಿ ಬಿಟ್ಟರು. ಆಗ ಅದರಲ್ಲಿ ಇನ್ನೂ ಶೇ. 20ರಷ್ಟು ಕರೆಂಟ್ ಉಳಿದಿತ್ತು.